ನೇಕಾರರ ಶ್ರೇಣಿಯೂ ಅಕ್ಷಯನಿಧಿಯೂ

ನಾಸಿಕದ ತ್ರಿರಶ್ಮಿ ಬೆಟ್ಟದ ಹತ್ತನೆಯ ಗುಹೆಯಲ್ಲಿ ಒಂದು ಪ್ರಾಕೃತ ಶಾಸನವಿದೆ. ಕ್ರಿ.ಶ. ೨ನೆಯ ಶತಮಾನದ ಆದಿಭಾಗದ ಈ ಲೇಖವು ಕ್ಷಹರಾತ ಕ್ಷತ್ರಪ ನಹಪಾನನ ಅಳಿಯನಾದ ಉಷವದಾತನ ದಾನವನ್ನು ಕುರಿತದ್ದು. ಭಿಕ್ಷುಸಂಘಕ್ಕಾಗಿ ಆತನು ೩,೦೦೦ ಕಾರ್ಷಾಪಣಗಳ ಅಕ್ಷಯನಿಧಿಯನ್ನು ಏರ್ಪಡಿಸಿದನು. ಆ ಹಣವನ್ನು ಒಪ್ಪಿಸಿದುದು ಗೋವರ್ಧನದಲ್ಲಿ ನೆಲೆಸಿದ್ದ ನೇಕಾರರ ಎರಡು ಶ್ರೇಣಿಗಳಿಗೆ. ಒಂದರಲ್ಲಿ ೨,೦೦೦, ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಇನ್ನೊಂದರಲ್ಲಿ ೧,೦೦೦, ನೂರಕ್ಕೆ ಮುಕ್ಕಾಲರಂತೆ. ಅಸಲನ್ನು ಹಿಂದಿರುಗಿಸಬೇಕಾಗಿಲ್ಲ; ಬಡ್ಡಿ ಮಾತ್ರ ಸಲ್ಲುತ್ತಿರಬೇಕು. ಮೊದಲನೆಯ ಮೊತ್ತದ ವಾರ್ಷಿಕ ಬಡ್ಡಿ ೨೪೦. ಗುಹೆಯಲ್ಲಿ ಮಳೆಗಾಲವನ್ನು ಕಳೆಯುವ ೨೦ ಭಿಕ್ಷುಗಳಿಗೆ ಚೀವರದ ಹಣವೆಂದು ವಿಧಿಸಿರುವುದು ತಲಾ ೧೨. ಲೆಕ್ಕವು ಸರಿಯಾಗಿ ಕೂಡಿಬರುತ್ತದೆ.

ರಾಜಬಂಧುವೊಬ್ಬನು ಮಗ್ಗದವರನ್ನು ಇಷ್ಟು ನಂಬಿದುದೇಕೆ? ಒಬ್ಬ ಸಾಹುಕಾರನು ಸಾಯಬಹುದು, ದಿವಾಳಿಯಾಗಬಹುದು. ಶ್ರೇಣಿಯು ತಲೆಮಾರುಗಳನ್ನು ದಾಟಿ ಉಳಿಯುತ್ತದೆ. ಒಂದೆಡೆ ಮಗ್ಗ ಹೂಡಿದವರಲ್ಲಿ ಯಾರ ನೂಲು ಎಂತಹುದು, ಯಾರ ಮಾತು ಎಷ್ಟು ಗಟ್ಟಿ ಎಂಬುದು ನೆರೆಯವನಿಗೆ ತಿಳಿಯದಿರದು. ಒಬ್ಬನು ತಪ್ಪಿದರೆ ಎಲ್ಲರ ಹೆಸರೂ ಕೆಡುವುದರಿಂದ, ಒಬ್ಬೊಬ್ಬನೂ ಉಳಿದವರಿಗೆ ಹೊಣೆಯಾಗುತ್ತಾನೆ.

ಇಂತಹ ಬಾಂಧವ್ಯವು ನೆಲವನ್ನು ಬಿಟ್ಟರೂ ಅಳಿಯಲಿಲ್ಲವೆಂಬುದಕ್ಕೆ ೫ನೆಯ ಶತಮಾನದ ಮಂದಸೋರ್ ಶಾಸನವು ಸಾಕ್ಷಿ. ಲಾಟದೇಶದಿಂದ ದಶಪುರಕ್ಕೆ ವಲಸೆ ಬಂದ ಪಟ್ಟೆ ನೇಕಾರರಲ್ಲಿ ಕೆಲವರು ಬಿಲ್ವಿದ್ಯೆಯನ್ನೂ ಕೆಲವರು ಜ್ಯೋತಿಷವನ್ನೂ ಹಿಡಿದರು. ಆದರೂ ಶ್ರೇಣಿಯು ಮಾಲವ ಸಂವತ್ ೪೯೩ರಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿತು. ಅದು ಶಿಥಿಲವಾದಾಗ ೫೨೯ರಲ್ಲಿ ತಾನೇ ಜೀರ್ಣೋದ್ಧಾರ ಮಾಡಿಸಿತು. ಕಸುಬು ಬೇರೆಯಾದರೂ ಕೂಟ ಒಡೆಯಲಿಲ್ಲ. ಮುಂದೆ ಕನ್ನಡ ನಾಡಿನ ಅಯ್ಯಾವೊಳೆಯ ಐನೂರ್ವರು ದೂರದೇಶಗಳಲ್ಲಿ ವ್ಯಾಪಾರ ನಡೆಸಿದುದೂ ಇಂತಹ ಸಂಘಬಲದಿಂದಲೇ. ಅವರ ಹೆಸರನ್ನು ಹೊತ್ತ ೧೦೮೮ರ ತಮಿಳು ಶಾಸನವೊಂದು ಸುಮಾತ್ರದಲ್ಲಿ ದೊರೆತಿದೆ.

ಆದರೆ ಒಂದೇ ಕಸುಬಿನವರ, ಒಂದೇ ಕೇರಿಯವರ ನಂಬಿಕೆಯು ಪರರಿಗೆ ಬೇಲಿಯೂ ಆಗಬಲ್ಲುದು. ಉಷವದಾತನು ಶಕ ಕುಲದವನು. ನೇಕಾರರ ನೆಂಟನೂ ಅಲ್ಲ, ನೆರೆಯವನೂ ಅಲ್ಲ. ಆತನಿಗೆ ಆ ಬೇಲಿಯನ್ನು ದಾಟಿಸಿದುದು ಯಾವುದೆಂಬುದನ್ನು ಶಾಸನವೇ ತಿಳಿಸುತ್ತದೆ. ದತ್ತಿಯನ್ನು ನಿಗಮಸಭೆಯಲ್ಲಿ ಸಾರಿ, ವಾಡಿಕೆಯಂತೆ ದಾಖಲೆಯ ಕಚೇರಿಯಲ್ಲಿ ಬರೆಯಿಸಿ, ಕಲ್ಲಿನಲ್ಲಿಯೂ ಕೆತ್ತಿಸಲಾಯಿತು. ನೆರೆಹೊರೆಯ ಪರಿಚಯವು ಶ್ರೇಣಿಯನ್ನು ಒಳಗಿನಿಂದ ಬಿಗಿದಿತ್ತು; ಹೊರಗಿನವನು ಅದನ್ನು ನಂಬಲು ಬಹಿರಂಗವಾದ ಲೆಕ್ಕ ಬೇಕಾಯಿತು.

ಸಹಕಾರವೆಂದರೆ ಬರಿಯ ಸ್ನೇಹವಲ್ಲ. ಪರಸ್ಪರ ಬಲ್ಲವರೂ ತಮ್ಮ ಮಾತನ್ನು ಬರೆದಿಟ್ಟು, ಊರೆಲ್ಲ ಕೇಳುವಂತೆ ಓದಿ ಹೇಳಿದಾಗಲೇ ಅದು ಸಂಸ್ಥೆಯಾಗುತ್ತದೆ. ತವರುನಾಡನ್ನು ಬಿಟ್ಟು ಪರನಗರಗಳಲ್ಲಿ ಸಂಘ ಕಟ್ಟಿಕೊಂಡವರಿಗೆ ಗೋವರ್ಧನದ ನೇಕಾರರು ಬಿಟ್ಟುಹೋದ ಅಸಲು ಇದೇ. ಅದರ ಬಡ್ಡಿ ಇನ್ನೂ ಸಲ್ಲುತ್ತಿದೆ.