ಆರ್ಥಿಕ ಸಂಕಷ್ಟ ಮತ್ತು ಮತದಾನ ಪ್ರಮಾಣ: ಕಿರುಗಾವಲು ಸೀಮೆಯಿಂದ ನೋಡಿದಂತೆ

ಕೈಗೆ ಕೆಲಸವಿಲ್ಲದವನು ಮತಗಟ್ಟೆಗೆ ಬರುತ್ತಾನೆಯೇ, ಮನೆಯಲ್ಲೇ ಉಳಿಯುತ್ತಾನೆಯೇ? ಈ ಪ್ರಶ್ನೆಗೆ ರಾಜ್ಯಶಾಸ್ತ್ರದಲ್ಲಿ ಎರಡು ಹಳೆಯ ಉತ್ತರಗಳಿವೆ. ಸಂಕಷ್ಟ ಮನುಷ್ಯನನ್ನು ಕುಗ್ಗಿಸಿ ರಾಜಕೀಯದಿಂದ ದೂರ ಮಾಡುತ್ತದೆ ಎಂಬುದು ಒಂದು. ರೊಚ್ಚಿಗೆಬ್ಬಿಸಿ ಸಾಲಿನಲ್ಲಿ ನಿಲ್ಲಿಸುತ್ತದೆ ಎಂಬುದು ಇನ್ನೊಂದು.

ಅಮೆರಿಕದ ಸ್ಟೀವನ್ ರೋಸನ್‌ಸ್ಟೋನ್ 1982ರ ಪ್ರಬಂಧದಲ್ಲಿ ಮೊದಲನೆಯದರ ಪರ ವಾದಿಸಿದರು: ಹೊಟ್ಟೆಪಾಡಿನ ಚಿಂತೆ ಹೊತ್ತವನಿಗೆ ಚುನಾವಣೆಗೆ ಪುರುಸೊತ್ತಿರುವುದಿಲ್ಲ. ಆದರೆ ಜರ್ಮನಿಯಲ್ಲಿ ನಿರುದ್ಯೋಗಿಗಳ ಸಂಖ್ಯೆ ಐವತ್ತು ಲಕ್ಷ ದಾಟಿದ್ದ 1932ರ ಜುಲೈನಲ್ಲಿ ಮತದಾನ ಶೇ. 84ಕ್ಕೆ ಏರಿತ್ತು, 1928ರಲ್ಲಿ ಅದು ಶೇ. 75ರ ಆಸುಪಾಸಿನಲ್ಲಿತ್ತು. ಭಾರತದಲ್ಲೂ 2017-18ರ ಸಮೀಕ್ಷೆ ನಿರುದ್ಯೋಗವನ್ನು ಶೇ. 6.1 ಎಂದು ಅಳೆದ ಮೇಲೆ ನಡೆದ 2019ರ ಲೋಕಸಭಾ ಚುನಾವಣೆಯಲ್ಲಿ ಶೇ. 67.4 ಮತ ಬಿತ್ತು. ಅಲ್ಲಿಯವರೆಗೆ ಅದೇ ದಾಖಲೆ.

ಇದನ್ನೇ ಒಂದು ಸೀಮೆಯಲ್ಲಿ ನಿಂತು ನೋಡೋಣ. ಕಿರುಗಾವಲು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರ. ಬನ್ನೂರಿನ ಮೇಲೆ ಮೈಸೂರಿಗೆ ಹೋಗುವ ರಸ್ತೆಯಲ್ಲಿದೆ. ಹಿಂದೆ ಇದೇ ಹೆಸರಿನ ವಿಧಾನಸಭಾ ಕ್ಷೇತ್ರವಿತ್ತು. ಕಾವೇರಿ ಹೋರಾಟದ ಜಿ. ಮಾದೇಗೌಡರು ಅಲ್ಲಿಂದ ಆರು ಬಾರಿ ಗೆದ್ದರು. 2008ರ ಪುನರ್ವಿಂಗಡಣೆಯಲ್ಲಿ ಕ್ಷೇತ್ರ ಅಳಿದು, ಅದರ ಊರುಗಳು ಅಕ್ಕಪಕ್ಕದ ಕ್ಷೇತ್ರಗಳಿಗೆ ಹಂಚಿಹೋದವು.

ಈ ಸೀಮೆಯಲ್ಲಿ ನಿರುದ್ಯೋಗವೆಂದರೆ ಉದ್ಯೋಗ ವಿನಿಮಯ ಕೇಂದ್ರದ ನೋಂದಣಿ ಪುಸ್ತಕವಲ್ಲ. ಅದು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ನೀರು ಕೊನೆಯ ಬಯಲು ಮುಟ್ಟದ ತಿಂಗಳು. ಗದ್ದೆಯಲ್ಲೇ ಒಣಗುತ್ತಿರುವ ಕಬ್ಬಿಗೆ ಕಾರ್ಖಾನೆಯಿಂದ ಕಟಾವಿನ ಅಪ್ಪಣೆ ಬರದ ವಾರ. ಕಬ್ಬು ಸಾಗಿಸಿ ಆರು ತಿಂಗಳಾದರೂ ಬಾಕಿ ಕೈಸೇರದ ಮನೆಯಲ್ಲಿ ಯಜಮಾನ 'ಕೆಲಸವಿಲ್ಲದವನು' ಎಂದು ಯಾವ ಸಮೀಕ್ಷೆಯೂ ಬರೆದುಕೊಳ್ಳುವುದಿಲ್ಲ; ಮಗ ಮಾತ್ರ ಬೆಂಗಳೂರಿನ ಬಸ್ಸು ಹತ್ತಿರುತ್ತಾನೆ. ಮಂಡ್ಯದ ಮೈಷುಗರ್ ಕಾರ್ಖಾನೆ ಕೆಲವು ವರ್ಷ ನಿಂತೇ ಹೋಗಿ, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು.

ಇಂಥ ಜಿಲ್ಲೆಯಲ್ಲಿ ಐದೂವರೆ ತಿಂಗಳ ಅಂತರದಲ್ಲಿ ನಡೆದ ಎರಡು ಚುನಾವಣೆಗಳು ಈ ವಿಷಯಕ್ಕೆ ಹೇಳಿ ಮಾಡಿಸಿದ ಉದಾಹರಣೆ. 2018ರ ನವೆಂಬರ್ 3ರ ಮಂಡ್ಯ ಲೋಕಸಭಾ ಉಪಚುನಾವಣೆಯಲ್ಲಿ ಮತ ಹಾಕಿದವರು ಶೇ. 54ರಷ್ಟು. ಗೆದ್ದವರ ಅಂತರ ಮೂರು ಲಕ್ಷ ದಾಟಿತ್ತು. ಉಳಿದಿದ್ದ ಅವಧಿಯೂ ಕೆಲವೇ ತಿಂಗಳು. 2019ರ ಏಪ್ರಿಲ್ 18ರಂದು ಅದೇ ಕ್ಷೇತ್ರದಲ್ಲಿ ಶೇ. 80ಕ್ಕೂ ಹೆಚ್ಚು ಮತ ಬಿತ್ತು. ಆ ಐದೂವರೆ ತಿಂಗಳಲ್ಲಿ ಯಾರ ಸಾಲವೂ ದಿಢೀರನೆ ತೀರಿರಲಿಲ್ಲ. ಬದಲಾದದ್ದು ಕಣ: ಒಂದು ಕಡೆ ಆಗಿನ ಮುಖ್ಯಮಂತ್ರಿಯ ಮಗ ನಿಖಿಲ್, ಇನ್ನೊಂದು ಕಡೆ ಪಕ್ಷೇತರರಾಗಿ ಸುಮಲತಾ ಅಂಬರೀಶ್, ಅವರ ಬೆನ್ನಿಗೆ 'ಜೋಡೆತ್ತು' ಎನಿಸಿಕೊಂಡ ಚಿತ್ರನಟರಾದ ದರ್ಶನ್ ಮತ್ತು ಯಶ್. ತನ್ನ ಒಂದು ಓಟಿನಿಂದ ಏನಾದರೂ ಆದೀತು ಎಂದು ಜನಕ್ಕೆ ಅನ್ನಿಸಿತ್ತು.

2023ರಲ್ಲಿ ಸರ್ಕಾರ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಿತು. ಮರುವರ್ಷದ ಏಪ್ರಿಲ್ 26ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದ ಮತದಾನ ಇಳಿಯಲಿಲ್ಲ, ಶೇ. 81 ದಾಟಿತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಶೇ. 53ರಷ್ಟು. ಬಡತನದಿಂದಲೇ ಮತದಾನ ಕುಸಿಯುವುದಾದರೆ ಈ ಲೆಕ್ಕ ತಿರುಗುಮುರುಗಾಗಬೇಕಿತ್ತು. (ಬೆಂಗಳೂರಿನ ಪಟ್ಟಿಯಲ್ಲಿ ಮನೆ ಬಿಟ್ಟು ಹೋದವರ ಹೆಸರೂ ಉಳಿದಿರುತ್ತದೆ ಎಂಬುದನ್ನು ಮರೆಯಬಾರದು.) ಭಾರತದ ಬಡವರು ಓಟಿನ ವಿಷಯದಲ್ಲಿ ಉಳ್ಳವರಿಗಿಂತ ಹಿಂದೆ ಬಿದ್ದವರಲ್ಲ ಎಂದು ಯೋಗೇಂದ್ರ ಯಾದವ್ ಮೊದಲಾದವರು ತೊಂಬತ್ತರ ದಶಕದಿಂದಲೇ ಹೇಳುತ್ತ ಬಂದಿದ್ದಾರೆ.

ಹಾಗೆಂದು ಸಂಕಷ್ಟ ಮತವನ್ನು ತಡೆಯುವುದೇ ಇಲ್ಲವೆಂದಲ್ಲ. ಅದು ತಡೆಯುವುದು ಬಸ್‌ಚಾರ್ಜಿನ ರೂಪದಲ್ಲಿ. ಗಾರ್ಮೆಂಟ್ಸಿನಲ್ಲೋ ಹೋಟೆಲಿನಲ್ಲೋ ದುಡಿಯುವ ಹುಡುಗನ ಹೆಸರು ಊರಿನ ಪಟ್ಟಿಯಲ್ಲೇ ಇರುತ್ತದೆ. ಬಂದು ಹೋಗುವ ಖರ್ಚು, ಕೈಬಿಟ್ಟ ಕೂಲಿ, ಎರಡನ್ನೂ ಅವನು ಲೆಕ್ಕ ಹಾಕುತ್ತಾನೆ. ಗ್ರಾಮ ಪಂಚಾಯಿತಿ ಚುನಾವಣೆಗಾದರೆ ನಿಂತವನು ದಾಯಾದಿಯೋ ನೆರೆಮನೆಯವನೋ ಆಗಿರುತ್ತಾನೆ. ಬರದಿದ್ದರೆ ಹಬ್ಬಕ್ಕೆ ಮುಖ ತೋರಿಸುವುದು ಕಷ್ಟ. ದೊಡ್ಡ ಚುನಾವಣೆಗೆ ಆ ದಾಕ್ಷಿಣ್ಯ ಕಡಿಮೆ. ಆಗ ಗಾಡಿ ಕಳಿಸುವವರು ಪಕ್ಷದವರು, ಮತದಾರರನ್ನು ಪುಕ್ಕಟೆ ಕರೆತರುವುದು ಕಾನೂನಿನಲ್ಲಿ ಭ್ರಷ್ಟ ಆಚರಣೆಯಾದರೂ.

ಮತ ಹಾಕದಿರುವುದೂ ಕೆಲವೊಮ್ಮೆ ಒಗ್ಗಟ್ಟಿನ ಕೆಲಸವೇ. ಪಕ್ಕದ ಚಾಮರಾಜನಗರ ಕ್ಷೇತ್ರದಲ್ಲಿ, ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿನ ಇಂಡಿಗನತ್ತ ಗ್ರಾಮ 2024ರಲ್ಲಿ ಮೂಲ ಸೌಕರ್ಯವಿಲ್ಲವೆಂದು ಬಹಿಷ್ಕಾರ ಹೂಡಿತು. ಮತಗಟ್ಟೆ ಧ್ವಂಸವಾಗಿ, ಏಪ್ರಿಲ್ 29ರಂದು ಮರುಮತದಾನ ನಡೆಸಬೇಕಾಯಿತು.

ಮತ್ತೆ ಬಸ್‌ಚಾರ್ಜು, ಕೂಲಿಯ ಮಾತಿಗೆ ಬಂದರೆ, ವಲಸೆ ಹೋದವರು ಇದ್ದಲ್ಲಿಂದಲೇ ಮತ ಹಾಕುವ ಯಂತ್ರವನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಕಟಿಸಿತು. ವಿರೋಧ ಪಕ್ಷಗಳು ಒಪ್ಪದೆ ಅದು 2024ರ ಚುನಾವಣೆಗೆ ಬಳಕೆಗೆ ಬರಲಿಲ್ಲ. ಪ್ರಜಾಪ್ರತಿನಿಧಿ ಕಾಯಿದೆಯ 135ಬಿ ಕಲಮು ದಿನಗೂಲಿಯವರಿಗೂ ಮತದಾನದ ದಿನ ಸಂಬಳಸಹಿತ ರಜೆ ಕೊಡುತ್ತದೆ. ರಜೆ ಕೊಡದ ಮಾಲೀಕನಿಗೆ ಇರುವ ದಂಡ ಹೆಚ್ಚೆಂದರೆ 500 ರೂಪಾಯಿ.