ಬಿಳಿಚುಕ್ಕೆ ಪಫರ್ ಮೀನು

ಬಿಳಿಚುಕ್ಕೆ ಪಫರ್ ಮೀನು ಉಷ್ಣವಲಯದ ಹವಳದ ದಿಬ್ಬಗಳಲ್ಲಿ ವಾಸಿಸುವ, ಅಪಾಯ ಎದುರಾದಾಗ ಚೆಂಡಿನಂತೆ ಉಬ್ಬುವ ವಿಷಯುಕ್ತ ಮೀನು. ಇದರ ವೈಜ್ಞಾನಿಕ ಹೆಸರು ಆರೋಥ್ರಾನ್ ಹಿಸ್ಪಿಡಸ್, ಕುಟುಂಬ ಟೆಟ್ರಾಡಾಂಟಿಡೆ. 1758ರಲ್ಲಿ ಕಾರ್ಲ್ ಲಿನೇಯಸ್ ಇದನ್ನು ಮೊದಲು ವಿವರಿಸಿದನು. ಕೆಂಪು ಸಮುದ್ರದಿಂದ ಹಿಂದೂ ಮಹಾಸಾಗರದ ಮೂಲಕ ಪೆಸಿಫಿಕ್‌ನ ಪೂರ್ವ ಭಾಗದವರೆಗೂ ಇದು ಹರಡಿದೆ.

ದೇಹರಚನೆ
ಸುಮಾರು 50 ಸೆಂ.ಮೀ. ವರೆಗೆ ಬೆಳೆಯುವ ಈ ಮೀನಿನ ಬೂದು-ಕಂದು ಬೆನ್ನಿನ ಮೇಲೆ ಬಿಳಿ ಚುಕ್ಕೆಗಳೂ ಹೊಟ್ಟೆಯ ಮೇಲೆ ಬಿಳಿ ಗೆರೆಗಳೂ ಇವೆ. ಹಲ್ಲುಗಳು ಕೂಡಿಕೊಂಡು ನಾಲ್ಕು ಗಟ್ಟಿ ಫಲಕಗಳಾಗಿವೆ. ಕುಟುಂಬದ ಹೆಸರಿನ ಅರ್ಥವೂ ‘ನಾಲ್ಕು ಹಲ್ಲಿನವು’ ಎಂದೇ. ಏಡಿ, ಚಿಪ್ಪುಜೀವಿ, ಹವಳ, ಸ್ಪಂಜುಗಳನ್ನು ಇದು ಕಚ್ಚಿ ತಿನ್ನುತ್ತದೆ. ಮರಿಗಳು ಅಳಿವೆಯ ಜೊಂಡಿನಲ್ಲಿಯೂ ಇರುತ್ತವೆ.

ಆತ್ಮರಕ್ಷಣೆ
ಇದು ನಿಧಾನವಾಗಿ ಈಜುವ ಮೀನು. ಓಡಿ ಪಾರಾಗುವುದು ಕಷ್ಟ. ಆದುದರಿಂದ ಬೆದರಿದೊಡನೆ ಗಟಗಟನೆ ನೀರು ನುಂಗಿ ಜಠರವನ್ನು ತುಂಬಿಕೊಳ್ಳುತ್ತದೆ. ಪಕ್ಕೆಲುಬುಗಳಿಲ್ಲದಿರುವುದೂ ಚರ್ಮ ಹಿಗ್ಗುವುದೂ ಇದಕ್ಕೆ ಅನುಕೂಲ. ಆಗ ಚರ್ಮದ ಸಣ್ಣ ಮುಳ್ಳುಗಳು ಎದ್ದು ನಿಲ್ಲುತ್ತವೆ. ನೀರಿನಿಂದ ಹೊರತೆಗೆದರೆ ಗಾಳಿಯನ್ನು ನುಂಗುತ್ತದೆ. ಆ ಗಾಳಿಯನ್ನು ಹೊರಹಾಕುವುದು ಅದಕ್ಕೆ ಸುಲಭವಲ್ಲ. ಬಲೆಯಲ್ಲಿ ಸಿಕ್ಕಿದ ಮೀನನ್ನು ಉಬ್ಬಿಸಿ ಆಟವಾಡುವುದು ಹೀಗೆ ಅದರ ಪ್ರಾಣಕ್ಕೆ ಕುತ್ತಾಗುತ್ತದೆ.

ಎರಡನೆಯ ರಕ್ಷಣೆ ಟೆಟ್ರೊಡೋಟಾಕ್ಸಿನ್ ಎಂಬ ನರವಿಷ. ಜಪಾನಿನ ಯೋಶಿಜುಮಿ ತಹಾರಾ 1909ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಮೀನು ಇದನ್ನು ಸ್ವತಃ ತಯಾರಿಸುವುದಿಲ್ಲ. ಬ್ಯಾಕ್ಟೀರಿಯಾಗಳಿಂದ ಉಂಟಾಗಿ ಆಹಾರದ ಮೂಲಕ ದೇಹದಲ್ಲಿ ಸಂಗ್ರಹವಾಗುತ್ತದೆ. ಯಕೃತ್ತು ಮತ್ತು ಅಂಡಾಶಯಗಳಲ್ಲಿ ಪ್ರಮಾಣ ಹೆಚ್ಚು. ಅದು ನರಗಳ ಸೋಡಿಯಂ ನಾಳಗಳನ್ನು ಮುಚ್ಚಿ ಸಂದೇಶವನ್ನು ತಡೆಯುತ್ತದೆ. ಮೊದಲು ತುಟಿ, ನಾಲಿಗೆ ಜೋಮು ಹಿಡಿದು, ಬಳಿಕ ಸ್ನಾಯುಗಳು ಸೋಲುತ್ತವೆ. ಉಸಿರಾಟ ನಿಂತು ಸಾವು ಸಂಭವಿಸಬಹುದು, ರೋಗಿಗೆ ಪ್ರಜ್ಞೆ ಮಾತ್ರ ಬಹಳ ಹೊತ್ತು ಉಳಿದಿರುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಕೃತಕ ಉಸಿರಾಟ ನೀಡಿ ವಿಷ ಇಳಿಯುವವರೆಗೆ ಕಾಯುವುದೇ ಚಿಕಿತ್ಸೆ. ಸಾಮಾನ್ಯ ಅಡುಗೆಯ ಬಿಸಿಗೆ ಈ ವಿಷ ನಾಶವಾಗದು ಎಂಬುದು ಮುಖ್ಯ.

1774ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್ ನ್ಯೂ ಕ್ಯಾಲೆಡೋನಿಯಾದಲ್ಲಿ ಇಂತಹ ಮೀನಿನ ಯಕೃತ್ತು ಮತ್ತು ತತ್ತಿಯನ್ನು ರುಚಿ ನೋಡಿದಷ್ಟಕ್ಕೇ ಕೈಕಾಲು ಜೋಮು ಹಿಡಿದು, ಹಗುರ-ಭಾರಗಳ ವ್ಯತ್ಯಾಸವೂ ತಿಳಿಯದಂತಾಗಿತ್ತು. ಒಳಭಾಗಗಳನ್ನು ತಿಂದ ಹಂದಿ ಸತ್ತಿತು. ಜಪಾನಿನಲ್ಲಿ ‘ಫುಗು’ ಎಂಬ ಪಫರ್ ಖಾದ್ಯವನ್ನು ಪರವಾನಗಿ ಪಡೆದವರೇ ಸಿದ್ಧಪಡಿಸಬೇಕು. ಆದರೂ 1975ರಲ್ಲಿ ಖ್ಯಾತ ಕಬುಕಿ ನಟ ಎಂಟನೆಯ ಬಂಡೋ ಮಿತ್ಸುಗೊರೊ ಅದರ ಯಕೃತ್ತನ್ನು ತಿಂದು ಮೃತಪಟ್ಟರು.

ಕರ್ನಾಟಕ ಕರಾವಳಿಯಲ್ಲಿ
ಉತ್ತರ ಕನ್ನಡ ಜಿಲ್ಲೆಯಲ್ಲಿ ಹವಳಗಳಿಗೆ ಹೆಸರಾದುದು ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಕಾರವಾರ, ಅಂಕೋಲಾಗಳನ್ನೊಳಗೊಂಡ ನೈಋತ್ಯ ಕರಾವಳಿಯ ಟ್ರಾಲ್ ಬಲೆಗಳಲ್ಲಿ ಕಾಣುವುದು ಇದರ ಸಂಬಂಧಿಯಾದ ಲ್ಯಾಗೊಸೆಫಲಸ್ ಇನರ್ಮಿಸ್. ಕೊಂಕಣದ ಮರಾಠಿ ಮೀನುಗಾರರು ಪಫರ್‌ಗಳನ್ನು ‘ಕೇಂಡ್’ ಎನ್ನುತ್ತಾರೆ. ಇವು ಬಲೆಯನ್ನು ಕಡಿದು, ಒಳಗಿನ ಕಪ್ಪೆಬೊಂಡಾಸನ್ನು ತಿಂದು ಹಾನಿ ಮಾಡುತ್ತವೆ. ಯುರೋಪಿಯನ್ ಒಕ್ಕೂಟವು ಈ ಕುಟುಂಬದ ಮೀನುಗಳ ಮಾರಾಟವನ್ನು ನಿಷೇಧಿಸಿದೆ. ತಲೆ ಮತ್ತು ಚರ್ಮ ತೆಗೆದ ತುಂಡುಗಳಲ್ಲಿ ಪಫರ್ ಮೀನನ್ನು ಕಣ್ಣಿನಿಂದ ಗುರುತಿಸುವುದು ಕಷ್ಟ.