'ರೋರ್': ಸಿಂಹಗಳ ನಡುವೆ ಒಂದು ಸಂಸಾರ

ಹಿಚ್‌ಕಾಕ್‌ರ 'ದಿ ಬರ್ಡ್ಸ್' (1963) ಚಿತ್ರದ ನಾಯಕಿ ಟಿಪ್ಪಿ ಹೆಡ್ರನ್ ನಿಮಗೆ ನೆನಪಿರಬಹುದು. ಆಕೆಯೂ ಪತಿ ನೋಯೆಲ್ ಮಾರ್ಷಲ್‌ರೂ ವನ್ಯಮೃಗ ರಕ್ಷಣೆಯ ಸಂದೇಶ ಸಾರಲೆಂದು ಕ್ಯಾಲಿಫೋರ್ನಿಯಾದಲ್ಲಿ 'ರೋರ್' (1981) ಚಿತ್ರವನ್ನು ನಿರ್ಮಿಸಿದರು. ಪಳಗಿಸದ ನೂರಕ್ಕೂ ಮಿಕ್ಕ ಸಿಂಹ, ಹುಲಿಗಳ ನಡುವೆ ತಮ್ಮ ಮಕ್ಕಳನ್ನೇ ನಟಿಸಲು ನಿಲ್ಲಿಸಿದರು. ಛಾಯಾಗ್ರಾಹಕ ಯಾನ್ ಡಿ ಬಾಂಟ್‌ರ ನೆತ್ತಿಯ ಚರ್ಮವನ್ನು ಸಿಂಹವೊಂದು ಕಿತ್ತಿತು. ಹೊಲಿಗೆ ಹಾಕಿಸಿಕೊಂಡ ಅವರು ಮತ್ತೆ ಕೆಲಸಕ್ಕೆ ಮರಳಿದರು! ಮಗಳು ಮೆಲನಿಯ ಮುಖಕ್ಕೂ ಗಾಯವಾಯಿತು. 1978ರ ಪ್ರವಾಹದಲ್ಲಿ ಹೊರಬಿದ್ದ ಸಿಂಹಗಳಲ್ಲಿ ಮೂರನ್ನು ಪೊಲೀಸರು ಗುಂಡಿಕ್ಕಿ ಕೊಂದರು. ಮೃಗಗಳು ತಮ್ಮ ಸ್ವಭಾವದಂತೆ ನಡೆದವು, ಅವುಗಳನ್ನು ದೂರಲಾರೆ. ಹೆತ್ತವರ ವಿವೇಕವನ್ನು ಮಾತ್ರ ನಾನು ಇಂದಿಗೂ ಒಪ್ಪಲಾರೆ. ಆದರೂ ಹೆಡ್ರನ್ ಪಾಠ ಕಲಿತರೆನ್ನಬೇಕು: 1983ರಲ್ಲಿ ಶಂಬಾಲಾ ಅಭಯಧಾಮವನ್ನು ಸ್ಥಾಪಿಸಿ, ಇಂತಹ ಮೃಗಗಳನ್ನು ಮನೆಯಲ್ಲಿ ಸಾಕಲು ಮಾರುವುದರ ವಿರುದ್ಧ ಅಮೆರಿಕದಲ್ಲಿ 2003ರ ಕಾನೂನಿಗಾಗಿ ದುಡಿದರು.